ಬೆಂಡೆಕಾಯಿಗೆ ನಾನು ಕಟ್ಟಿದ ಬೆಲೆ

ಹದಿನಾಲ್ಕು, ಮಂಗಳವಾರ.

ಈ ಪರದೇಶಕ್ಕೆ ಬಂದ ಮೊದಲ ವಾರವೇ ಅಮ್ಮ ಬೆಂಡೆಕಾಯಿಯ ಬೆಲೆಯನ್ನು ನಮ್ಮ ರೂಪಾಯಿಗೆ ತಿರುಗಿಸಿ ನೋಡಿ, "ನಂಗೆ ಪಲ್ಯ ಸೇರಲ್ಲಪ್ಪ" ಎಂದು ಬರೀ ಮಜ್ಜಿಗೆ ಅನ್ನಕ್ಕೆ ಇಳಿದಳು. ಅಂದಿನಿಂದ ನಾನು ಮೆಟ್ಟಿಲ ಮೇಲೆ ಕೂತು ಪೊಟ್ಟಣದ ಬೆಲೆ ಚೀಟಿ ಕಿತ್ತು, ಅಮ್ಮನಿಗೆ ಕಾಲು ಭಾಗದ ಬೆಲೆ ಹೇಳುವ ಘನಕಾರ್ಯದಲ್ಲಿದ್ದೇನೆ.

ಇವತ್ತು ಅಮ್ಮ ಎರಡು ಸಲ ಪಲ್ಯ ಬಡಿಸಿಕೊಂಡಳು. ಬೆಲೆ ಇಳಿಸಿದ ಸರ್ಕಾರದಂತೆ ಬೀಗಿದೆ. ಕೈ ತೊಳೆದು ಬಂದವಳು, "ಇಷ್ಟು ಅಗ್ಗ ಅಂದ್ಮೇಲೆ ನಾಳೆ ಐದು ಕೆಜಿ ತಂದ್ಬಿಡೋ. ಮೇಲಿನ ಮನೆಯವ್ರಿಗೂ ಒಂದಿಷ್ಟು ಕೊಡೋಣ, ಪಾಪ" ಎಂದಳು.

"ಎದುರು ಮನೆಯವ್ರಿಗೂ ಕೊಡೋಣ ಅತ್ತೆ" ಎಂದಳು ಎಲ್ಲ ಗೊತ್ತಿದ್ದ ನನ್ನ ಹೆಂಡತಿ, ನನ್ನತ್ತ ನೋಡದೆ.

ನಾಳೆ ಬೆಲೆ ಏರಿಸಲೇಬೇಕು. ಎಷ್ಟು ಏರಿಸಿದರೆ ಮೇಲಿನ ಮನೆ ತಪ್ಪಿ, ಅಮ್ಮನ ತಟ್ಟೆಯಲ್ಲಿ ಪಲ್ಯ ಉಳಿಯುತ್ತದೋ, ಅದೊಂದು ಲೆಕ್ಕ ಮಾತ್ರ ಇನ್ನೂ ಕೂಡಿಬಂದಿಲ್ಲ.