ಸೋದರತ್ತೆಯ ಕೋಪ, ನನ್ನ ಸೊಂಟ

ಕೊಲೊವಾಯ್, ಟೊಂಗಾ
ಆಗಸ್ಟ್ 14

ಪ್ರೀತಿಯ ಅಮ್ಮನಿಗೆ,

ಆಕ್ಲೆಂಡಿನ ಚಳಿಯಲ್ಲಿ ಕೂತು ನೀನು ನನ್ನ ಸೊಂಟದ ಚಿಂತೆ ಮಾಡುತ್ತಿದ್ದೀಯೆಂದು ಗೊತ್ತು. ನೋವು ಕಡಿಮೆಯಾಗಿದೆ, ಮಗು ಚೆನ್ನಾಗಿ ಒದೆಯುತ್ತಿದೆ. ಆದರೆ ಇದು ನಿನ್ನ ಉಪದೇಶದಿಂದ ಆದದ್ದಲ್ಲ, ಬೇಜಾರು ಮಾಡಿಕೊಳ್ಳಬೇಡ.

ಏಳನೆಯ ತಿಂಗಳು ಹಿಡಿದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ನನ್ನ ಯಜಮಾನರು ರಗ್ಬಿ ಚೀಲದಿಂದ ಮಾತ್ರೆ ತೆಗೆದು, "ಇಡೀ ತಂಡ ಇದನ್ನೇ ನುಂಗೋದು, ತಗೋ" ಅಂದರು. ನನ್ನನ್ನು ನೋಡಲು ಬಂದಿದ್ದ ಕ್ಲಿನಿಕ್ಕಿನ ನರ್ಸ್ ವೈಮೊವಾನಾ ಅದನ್ನು ಕಸಿದುಕೊಂಡು, "ನಿನ್ ಹೆಂಡ್ತಿ ಏನ್ ಮೈದಾನಕ್ಕಿಳೀತಾಳಾ? ಐಬುಪ್ರೊಫೆನ್ ಈಗ ಬೇಡ, ಮಗು ಕಿಡ್ನಿಗೆ ತೊಂದ್ರೆ" ಎಂದು ಬೈದು ಪ್ಯಾರಸಿಟಮಾಲ್ ಕೊಟ್ಟಳು. ನಾನು ಅದನ್ನೂ ಮುಟ್ಟಲಿಲ್ಲ. ಸೋದರತ್ತೆ ಮುನಿದರೆ ಹೆರಿಗೆ ಕಷ್ಟ, ಮೊದಲು ಕ್ಷಮೆ ಕೇಳು ಎಂದು ನೀನು ಫೋನಿನಲ್ಲಿ ಹೇಳಿದ್ದೇ ತಲೆ ಕೊರೆಯುತ್ತಿತ್ತು. ಅವರನ್ನು ಒಂದು ಮಾತೂ ಕೇಳದೆ ಮದುವೆಯಾದವಳು ನಾನು. ಈ ನೋವನ್ನು ಅನುಭವಿಸಿಯೇ ತೀರಬೇಕೆಂದು ಹಲ್ಲುಕಚ್ಚಿ ಮಲಗಿದ್ದೆ. ಮಗುವಿಗೆ ಏನಾಗುವುದೋ ಎಂಬ ಹೆದರಿಕೆಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಶನಿವಾರ ನನ್ನ ನೋವಿನ ಸುದ್ದಿ ಕೇಳಿ ಸೋದರತ್ತೆ ಕಲೊಲೈನೆ ಬಂದೇಬಿಟ್ಟರು, ಹಾಪೈ ದ್ವೀಪದಿಂದ ಹಡಗಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ನೀನು ನೇಯ್ದಿಟ್ಟಿದ್ದ ಆ ನವಿರಾದ ಚಾಪೆಯನ್ನು ಕ್ಷಮೆಯ ಕಾಣಿಕೆಯಾಗಿ ಅವರ ಕಾಲ ಬಳಿ ಇಟ್ಟು ತಲೆ ತಗ್ಗಿಸಿದೆ. ಅವರು ಅದನ್ನು ಸುರುಳಿ ಸುತ್ತಿ, ಮೇಲೊಂದು ಮೆತ್ತನೆಯ ಬಟ್ಟೆ ಹೊದಿಸಿ, ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಮೊಣಕಾಲುಗಳ ನಡುವೆ ಆ ಸುರುಳಿಯನ್ನು ತುರುಕಿದರು. ಪಟ್ಟಾಭಿಷೇಕಕ್ಕೆಂದು ಎತ್ತಿಡುವಂಥ ಚಾಪೆ ಅದು, ಅಮ್ಮಾ.

"ಕ್ಷಮೆ ಆಮೇಲೆ ಕೇಳೀಯಂತೆ. ನನ್ ಕೋಪ ನಿನ್ ಸೊಂಟದಲ್ಲಿ ಹೋಗಿ ಕೂರೋವಷ್ಟು ಬಿಟ್ಟಿ ಬಿದ್ದಿಲ್ಲ ಕಣೆ. ಮಾತ್ರೆ ನುಂಗು" ಅಂದರು. ನಾನು ಅನುಮಾನಿಸಿದೆ. "ಏನು, ಸೋದರತ್ತೆ ಮಾತು ಮೀರ್ತೀಯಾ?" ಮೀರುವುದುಂಟೇ? ನುಂಗಿದೆ.

ಆಮೇಲೆ ಬೆಚ್ಚನೆಯ ಬಟ್ಟೆ ಸೊಂಟಕ್ಕೆ ಹಾಕಿದರು. ಸುಡುವ ಬಿಸಿ ಬೇಡ, ನರ್ಸ್ ಹೇಳಿದ್ದಕ್ಕಿಂತ ಒಂದು ಮಾತ್ರೆಯೂ ಹೆಚ್ಚು ಬೇಡ, ನೋವು ಬಿಟ್ಟುಬಿಟ್ಟು ಬಂದರೆ ಅಥವಾ ರಕ್ತ ಕಂಡರೆ ಕ್ಲಿನಿಕ್ಕಿಗೆ ಓಡು ಎಂದು ಪಾಠ ಒಪ್ಪಿಸಿದಂತೆ ಹೇಳಿದರು. ಎಲ್ಲಿ ಕಲಿತರೋ ಎಂದು ಬೆರಗಾದೆ. ಅಂದು ಕಣ್ತುಂಬ ನಿದ್ದೆ ಬಂತು. ಇಂಥ ಹೆಂಗಸು ನನ್ನ ಸೋದರತ್ತೆ ಎಂದು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ನಿನ್ನ ಮಗಳು,
ಅಕೊಸಿತಾ

ತಾ.ಕ.: ನಿನ್ನೆ ವೈಮೊವಾನಾ ಹೇಳಿದಳು. ಅತ್ತೆ ಹಡಗಿಳಿದು ಮೊದಲು ಹೋದದ್ದು ಕ್ಲಿನಿಕ್ಕಿಗಂತೆ. "ನಾನು ಅವಳಿಗೆ ಬಾಯ್ತುಂಬ ಶಾಪ ಹಾಕಿದ್ದೆ ಕಣಮ್ಮ. ಅದಕ್ಕೇ ನೋವಾ?" ಎಂದು ಕೇಳಿದರಂತೆ. ಅಲ್ಲ, ಹೊಟ್ಟೆ ಬೆಳೆದಂತೆ ಸೊಂಟ ನೋಯುತ್ತದೆ ಎಂದು ಅವಳು ಹೇಳಿದಾಗ, ಮುಖ ಮುಚ್ಚಿಕೊಂಡು ಅತ್ತರಂತೆ. ನನಗಿದು ಗೊತ್ತೆಂದು ಅವರಿಗೆ ತಿಳಿಸಬೇಡ.