ಹಸಿರು ಕಾಗದಕ್ಕೊಂದು ಪ್ರಿಂಟರ್

ಅಕ್ಕಲಕೋಟೆ
೧೪ ಫೆಬ್ರುವರಿ ೨೦೨೩

ಈ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಎಂಟು ತಿಂಗಳು ಸೇವೆ ಸಲ್ಲಿಸಿ, ಒಂದು ದಿನವೂ ತಡವಾಗಿ ಹಾಜರಿ ಹಾಕದೆ ನಿವೃತ್ತಳಾದ ಸೌ. ಇಂದುಮತಿ ಶ್ರೀಶೈಲ ಬಿರಾಜದಾರ, ಅಂದರೆ ನಿಮ್ಮ ಧರ್ಮಪತ್ನಿ, ಬರೆಯುವ ಪತ್ರ.

ಯಜಮಾನರಿಗೆ ನಮಸ್ಕಾರಗಳು. ನರ್ಮದೆಯ ಪರಿಕ್ರಮದಲ್ಲಿ ಬರಿಗಾಲಲ್ಲಿ ನಡೆಯುತ್ತಿರುವ ನಿಮ್ಮ ಹಿಮ್ಮಡಿಯ ಬಿರುಕು ಹೇಗಿದೆ? ಚೀಲದಲ್ಲಿಟ್ಟ ಮುರುಗಲ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ, ಜೊತೆಗಾರರಿಗೆ ಹಂಚಿ ಮುಗಿಸಿದಿರೋ? ವ್ರತವೆಂದು ಫೋನನ್ನು ಮನೆಯಲ್ಲೇ ಬಿಟ್ಟು ಹೋದಿರಿ. ಆದ್ದರಿಂದ ಮಹೇಶ್ವರದ ಧರ್ಮಶಾಲೆಯ ವಿಳಾಸಕ್ಕೆ ಬರೆಯಬೇಕಾಗಿದೆ.

ನೀವು ಹೊರಟ ಮೂರನೆಯ ವಾರ ನೀವು ದಸ್ತಾವೇಜು ಬರೆಯುವ ಕಚೇರಿಯ ಪ್ರಿಂಟರ್ ಕೆಟ್ಟು ನಿಂತಿತು. ನಮ್ಮ ಓಣಿಯ ಮುಕ್ತಾಬಾಯಿಯವರ ದಾನಪತ್ರದ ಕರಡನ್ನು ನೀವೇ ಬರೆದಿಟ್ಟಿದ್ದಿರಿ, ಅಚ್ಚು ಹಾಕುವುದಷ್ಟೇ ಉಳಿದಿತ್ತು. ಮನೆಯನ್ನು ವಿಧವೆ ಸೊಸೆ ಶೇವಂತಾಳ ಹೆಸರಿಗೆ ಮಾಡಿದ ಮೇಲೆಯೇ ಅವರು ಸೊಲ್ಲಾಪುರಕ್ಕೆ ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರು. ಶಸ್ತ್ರಚಿಕಿತ್ಸೆಯ ದಿನ ಫೆಬ್ರುವರಿ ಹದಿನೈದು. "ನಾ ತಿರುಗಿ ಬರ್ತೀನೋ ಇಲ್ಲೋ ಬಾಯಿ. ನನ್ನ ದೊಡ್ಡ ಮಕ್ಕಳು ಇಬ್ರೂ ಈ ಹುಡುಗೀನ ಮೂರನೇ ದಿನಕ್ಕ ಬೀದಿಗಿ ಹಾಕ್ತಾರ" ಎಂದು ನಮ್ಮ ಹೊಸ್ತಿಲಲ್ಲೇ ಕುಳಿತು ಅತ್ತರು.

ಪ್ರಿಂಟರ್ ಕೊಳ್ಳುವುದು ನನಗೇನು ಕಷ್ಟವೆಂದುಕೊಂಡೆ. ಹದಿನೇಳು ಪ್ರಶ್ನೆಗಳನ್ನು ಬರೆದುಕೊಂಡು ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋದೆ. ನಿಮಿಷಕ್ಕೆ ಎಷ್ಟು ಪುಟ, ದಸ್ತಾವೇಜಿನ ಉದ್ದನೆಯ ಹಸಿರು ಕಾಗದ ಹಿಡಿಸುತ್ತದೆಯೇ, ಒಂದು ಪುಟಕ್ಕೆ ಎಷ್ಟು ಶಾಯಿ, ತಿಂಗಳುಗಟ್ಟಲೆ ಬಳಸದಿದ್ದರೆ ಒಣಗುತ್ತದೆಯೇ. ಏಳನೆಯ ಪ್ರಶ್ನೆಗೇ ಅಂಗಡಿಯ ಬಂಡೋಪಂತ ಕೈಮುಗಿದ. "ಬಾಯಿ, ಪ್ರಿಂಟರ್ ತಗೋಳಾಕ ಬಂದೀರೋ, ನನಗ ಪರೀಕ್ಷಾ ಇಡಾಕ ಬಂದೀರೋ? ಲೇಸರ್ ಬ್ಯಾಡ್ರಿ, ಬರೇ ಕಪ್ಪು ಬರೀತದ. ಈ ಶಾಯಿ ಟ್ಯಾಂಕಿಂದು ನೋಡ್ರಿ, ಬಣ್ಣಾನೂ ಬರ್ತದ, ಒಮ್ಮಿ ತುಂಬಿಸಿದ್ರ ದೀಪಾವಳಿ ತನಕ ಚಿಂತಿಲ್ಲ." ಅದನ್ನೇ ಕೊಂಡು ತಂದೆ. ಅಕ್ಷರ ದುಂಡಗೆ, ಸ್ವಚ್ಛವಾಗಿ ಮೂಡಿತು. ಕಾಗದ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ನಿಮ್ಮ ಹಳೆಯದು ಲೇಸರ್ ಏಕೆ ಆಗಿತ್ತೆಂದು ಯಾರನ್ನಾದರೂ ಕೇಳುವುದು ನನಗೆ ಹೊಳೆಯಲಿಲ್ಲ. ಸತ್ಯ ಬರೆಯಬೇಕೆಂದರೆ, ಹೊಳೆಯಿತು, ಕೇಳಲಿಲ್ಲ.

ಜನವರಿ ಮೂವತ್ತರಂದು ನೋಂದಣಿ ಕಚೇರಿಗೆ ಹೋದೆವು. ನಮ್ಮ ಸರದಿ ಕೂಗಿದಾಗ ಮುಕ್ತಾಬಾಯಿ ಸೆರಗಿನ ಗಂಟಿನಿಂದ ಅರಿಸಿನ ಕುಂಕುಮದ ಭರಣಿ ತೆಗೆದರು. ಬೇಡವೆಂದೆ. "ಹಳದಿ ಕುಂಕುಮ ಹಚ್ಚಲಾರದ ಕಾಗದಕ್ಕ ನಾ ಹೆಬ್ಬೆಟ್ಟು ಒತ್ತೂದಿಲ್ಲ. ಸೊಸಿಗಿ ಮನಿ ಕೊಡಾಕ ಹತ್ತೀನಿ, ದಂಡ ಕಟ್ಟಾಕ ಬಂದಿಲ್ಲ!" ಎಂದು ನನ್ನನ್ನೇ ಗದರಿಸಿ, ಅರಿಸಿನವನ್ನು ನೀರಲ್ಲಿ ಕಲಸಿ, ಪ್ರತಿ ಹಾಳೆಗೂ ಬೆರಳು ತುಂಬ ಬಳಿದರು. ನನ್ನ ಕಣ್ಣೆದುರಿಗೇ ದುಂಡನೆಯ ಅಕ್ಷರಗಳು ಕರಗಿ ನೀಲಿ ಕೆಸರಾದವು. ಮನೆಯ ನಂಬರೂ ಹೋಯಿತು, ಶೇವಂತಾಳ ಹೆಸರೂ ಹೋಯಿತು. ಗುಮಾಸ್ತನು "ಇದನ್ನ ಯಾರು ಓದ್ಬೇಕ್ರಿ ಬಾಯಿ?" ಎಂದು ಹಿಂದಿರುಗಿಸಿದ. ಓದು ಕಲಿಸಿಯೇ ಅನ್ನ ಉಂಡ ನನಗೆ! ಮುಂದಿನ ಸರದಿ ಫೆಬ್ರುವರಿ ಹದಿಮೂರಕ್ಕೆ ಸಿಕ್ಕಿತು.

ಶೇವಂತಾ ಅಳಲಿಲ್ಲ. ಮನೆಗೆ ಬರುವವರೆಗೂ ಅತ್ತೆಯ ಬೆರಳುಗಳನ್ನು ತನ್ನ ಸೆರಗಿನಿಂದ ಒರೆಸುತ್ತಲೇ ಇದ್ದಳು. ಅದನ್ನು ನೋಡಲಾಗಲಿಲ್ಲ.

ಯಂತ್ರವನ್ನು ಹಿಂದಿರುಗಿಸಲು ಹೋದರೆ ಬಂಡೋಪಂತ ಅದರ ನೆತ್ತಿಯ ಮೇಲೆ ನಾನೇ ಬರೆದಿದ್ದ ಸ್ವಸ್ತಿಕ ತೋರಿಸಿದ: "ಪೂಜಿ ಮಾಡಿದ ಸಾಮಾನು ಯಾರು ತಗೋತಾರ್ರಿ?" ನೀರಿಗೆ ಕರಗದ ಲೇಸರ್ ಕೊಡೆಂದರೆ, ಉದ್ದನೆಯ ಕಾಗದದ್ದು ಪುಣೆಯಿಂದ ಬರಬೇಕು, ಹದಿನಾರಕ್ಕೆ ಎಂದ. ಹದಿನಾರು! ತಿಂಗಳಿಗೆ ಇಪ್ಪತ್ತೆಂಟು ದಿನಗಳಿದ್ದರೂ ಅವನಿಗೆ ಸಿಕ್ಕಿದ್ದು ಅದೊಂದೇ. ಏನೇ ಇರಲಿ, ದಾನಪತ್ರ ನಿನ್ನೆ ನೋಂದಣಿಯಾಯಿತು. ಅರಿಸಿನ ಬಳಿದರೂ ಒಂದು ಅಕ್ಷರ ಅಲುಗಲಿಲ್ಲ. ಮುಕ್ತಾಬಾಯಿ ಇಂದು ಬೆಳಿಗ್ಗೆ ಸೊಲ್ಲಾಪುರಕ್ಕೆ ಹೋದರು.

ನದಿಯ ದಂಡೆಯಲ್ಲಿ ಅವರ ಹೆಸರಿಗೊಂದು ದೀಪ ಬಿಡಿ. ತಂಪಿನಲ್ಲಿ ಮಲಗಬೇಡಿ.

ನಿಮ್ಮ
ಇಂದುಮತಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಹೇಳಿಬಿಡುತ್ತೇನೆ. ಅಚ್ಚು ಹಾಕಿಸಿದ್ದು ಟಕಲೆಯವರ ಲೇಸರ್ ಪ್ರಿಂಟರಿನಲ್ಲಿ. ಹೌದು, ಹನ್ನೊಂದು ವರ್ಷದಿಂದ ನೀವು ಮುಖ ನೋಡದ, ನೋಂದಣಿ ಕಚೇರಿಯ ಬಾಗಿಲಲ್ಲಿ ನಿಮ್ಮ ಎದುರಿಗೇ ಮೇಜು ಹಾಕಿಕೊಂಡ ಅದೇ ಟಕಲೆ. "ಬಿರಾಜದಾರ ನದಿ ಸುತ್ತಾಕ ಹೋಗ್ಯಾನ, ಬಾಯಿ ಅಂಗಡಿ ಸುತ್ತಾಕ ಹತ್ತ್ಯಾರ" ಎಂದು ನಕ್ಕರು. ಆಮೇಲೆ ನಿಮ್ಮ ಕರಡನ್ನು ನಿಂತೇ ಓದಿ, "ಒಂದು ಮಾತೂ ತಿದ್ದಾಂಗಿಲ್ಲ" ಎಂದರು. ಎರಡನೆಯ ಸಾಕ್ಷಿ ಬಾರದ್ದರಿಂದ ಸಹಿಯನ್ನೂ ಅವರೇ ಹಾಕಿದರು. ನಾನು ಅವರಲ್ಲಿ ಚಹಾ ಕುಡಿದೆ. ಸಿಟ್ಟು ಬಂದರೆ ಅದನ್ನು ನರ್ಮದೆಯಲ್ಲೇ ಮುಳುಗಿಸಿ ಬನ್ನಿ, ಮನೆಗೆ ತರಬೇಡಿ.

ಲಗತ್ತುಗಳು:
೧. ಕರಗಿದ ಮೊದಲ ಹಾಳೆ
೨. ನೋಂದಾಯಿತ ದಾನಪತ್ರದ ನಕಲು
೩. ಟಕಲೆಯವರು ನಿಮಗೆ ಕೈಬರಹದಲ್ಲಿ ಬರೆದ ಪತ್ರ, ಅಂಟಿಸಿದ ಲಕೋಟೆ. ನಾನು ತೆರೆದಿಲ್ಲ.