ಮಷೀನಿಗೂ ಪಥ್ಯ

ಮಾರ್ಚ್ 14, ಗುರುವಾರ.

ಮರ ಕೊಯ್ಯುವ ಮಷೀನಿಗೆ ಕಡಿಮೆ ಹೊಗೆಯ ಹೊಸ ಪೆಟ್ರೋಲನ್ನೇ ಹಾಕಬೇಕೆಂದು ಹೆಂಡತಿಯ ಹಟ. "ಮಷೀನಿಗೂ ಪಥ್ಯವಾ?" ಎಂದು ಗೊಣಗುತ್ತಲೇ ವಾರದಿಂದ ಹಾಕುತ್ತಿದ್ದೇನೆ. ಮಗಳಿಗೆ ಉಬ್ಬಸ, ಹೊಗೆಯ ವಾಸನೆ ಬಡಿದರೇ ಕೆಮ್ಮು. ಅದಕ್ಕೇ ಕೆಲಸದ ಅಂಗಿಯನ್ನು ಹೊರಗೇ ಕಳಚಿ, ಸ್ನಾನ ಮಾಡಿದ ಮೇಲಷ್ಟೇ ಅವಳನ್ನು ಎತ್ತಿಕೊಳ್ಳುವುದು ರೂಢಿ.

ಇವತ್ತು ದಣಿವಿಗೆ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಮಗಳು ಓಡಿಬಂದು ಕೊರಳಿಗೆ ಜೋತುಬಿದ್ದಳು.

"ಅಯ್ಯೋ, ಅಂಗಿ ಬಿಚ್ಚೇ ಇಲ್ಲ ನೀವು!" ಹೆಂಡತಿ ಒಳಗಿಂದ ಕೂಗಿದಳು.

ಮಗಳು ಕಾಲರಿಗೆ ಮೂಗೊತ್ತಿ ಉದ್ದಕ್ಕೆ ಉಸಿರೆಳೆದಳು. ಇನ್ನೇನು ಕೆಮ್ಮು ಶುರುವಾಯಿತೆಂದು ಅವಳನ್ನು ಬಿಡಿಸಲು ಹೋದೆ. ಕೆಮ್ಮು ಬರಲಿಲ್ಲ.

"ಅಪ್ಪಾ, ನಿನ್ನ ಅಂಗೀಲಿ ಮರದ ವಾಸನೆ!"

ಹನ್ನೆರಡು ವರ್ಷ ಮರ ಕೊಯ್ದರೂ ನನ್ನ ಮೈಗೆ ಹತ್ತಿದ್ದು ಬರೀ ಪೆಟ್ರೋಲ್ ಹೊಗೆಯ ವಾಸನೆ, ಮರದ್ದಲ್ಲ.

ಅಂಗಿ ಇನ್ನೂ ಮೈಮೇಲೇ ಇದೆ. ಕಾಲರು ಹಿಡಿದೇ ಮಗಳು ಮಡಿಲಲ್ಲಿ ನಿದ್ದೆಹೋಗಿದ್ದಾಳೆ. ಕದಲಿದರೆ ಎದ್ದಾಳು, ಹಾಗಾಗಿ ಇವತ್ತಿನ ಸ್ನಾನ...